ಚಾವಡಿಯಿಂದ ಒಳಕೋಣೆಗೆ ಒಂದು ಕೇಬಲ್

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಸ್ನಾನ, ಮಾತ್ರೆ, ಗಂಜಿ. ತಮ್ಮ ಚಿನ್ಮಯನಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಎಂಬತ್ತು ದಿನ. ಬಲಗೈ ಹಾಗೆಯೇ ಉಂಟು. ಬಾಯಲ್ಲಿ ಬರುವುದು ಒಂದೇ ಶಬ್ದ: ಉಂಟು. ನೋವಿಗೂ ಉಂಟು, ಬೇಡಕ್ಕೂ ಉಂಟು. ಸ್ವರ ನೋಡಿ ತಿಳಿದುಕೊಳ್ಳಬೇಕು.

ಮಣಿಪಾಲದಿಂದ ತಿಲಕ್ ಸರ್ ಫೋನ್. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಚಿನ್ಮಯನ ಮೇಲಿನವರು. ಒಳ್ಳೆಯವರೇ. ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಮಾತು ಬರದಿದ್ದರೂ ಅಡ್ಡಿಯಿಲ್ಲ, ಎಡಗೈಯಲ್ಲಿ ಟೈಪ್ ಮಾಡಿದರೆ ಸಾಕು, ಪಡುಬಿದ್ರಿಯ ಮನೆಯಿಂದಲೇ ಮಾಡುವ ಕೆಲಸ ಕೊಡಿಸುತ್ತೇನೆ ಎಂದರು.

ಫೆಬ್ರವರಿ 4, ಮಧ್ಯಾಹ್ನ 3

ಅವನ ಕಂಪ್ಯೂಟರ್ ಚಾವಡಿಯಲ್ಲಿ, ಮಂಚದ ಪಕ್ಕ. ನನ್ನದು ಒಳಕೋಣೆಯಲ್ಲಿ. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ — ನನ್ನ ಡಿಟಿಪಿ ಎಲ್ಲ ಅದರಲ್ಲೇ. ಎರಡಕ್ಕೂ ಲಿನಕ್ಸ್ ಹಾಕಿದವನು ಅವನು. ನಡುವೆ ಒಂದು ಕೇಬಲ್ ಎಳೆದರೆ? ಅವನು ಅಲ್ಲಿ ಬರೆಯಲಿ, ನಾನು ಇಲ್ಲಿ ಓದುತ್ತೇನೆ. ಮೊಬೈಲ್ ಕೊಟ್ಟರೆ ಎಸೆಯುತ್ತಾನೆ. ಕೀಬೋರ್ಡ್ ಅಂದರೆ ಇಪ್ಪತ್ತು ವರ್ಷದ ಅಭ್ಯಾಸ...

ನನಗೆ ಇದರ ಗಂಧಗಾಳಿ ಇಲ್ಲ. ಅವನ ಹಳೆಯ ನೋಟ್‌ಪುಸ್ತಕದಲ್ಲಿ ಎಲ್ಲ ಬರೆದಿದ್ದಾನೆ. ಅದೇ ಗತಿ.

ಫೆಬ್ರವರಿ 6

ಎರಡು ಕಂಪ್ಯೂಟರಿಗೂ ಒಂದೊಂದು ನಂಬರ್ ಕೊಡಬೇಕು. ಗಡಿಬಿಡಿಯಲ್ಲಿ ಎರಡಕ್ಕೂ ಒಂದೇ ಕೊಟ್ಟಿದ್ದೆ. ಸರಿಮಾಡಿದೆ. ಆದರೂ ಒಂದರಿಂದ ಇನ್ನೊಂದಕ್ಕೆ ಪಿಂಗ್, ಅಂದರೆ ಸಂಪರ್ಕ ಉಂಟಾ ಎಂದು ನೋಡುವ ಕರೆ, ಹೋಗಲಿಲ್ಲ. ಮೂರು ಸಲ ಮಾಡಿದೆ. ಅಳು ಬಂತು.

ಚಿನ್ಮಯ ನೋಡುತ್ತಿದ್ದವನು ಎಡಗೈ ಚಾಚಿದ. ಕೇಬಲಿನ ತುದಿ ಹಿಡಿದು ಒತ್ತಿದ. ಟಕ್ ಎಂದಿತು. ಹಸಿರು ದೀಪ ಹತ್ತಿತು. ಪಿಂಗ್ ಹೋಯಿತು. ಇಷ್ಟು ದಿನದ ಮೇಲೆ ನಕ್ಕ.

ಇವನಿಗೆ ಎಲ್ಲ ನೆನಪುಂಟು.

ಫೆಬ್ರವರಿ 9

ಇಬ್ಬರಿಗೂ ಕಾಣುವ ಒಂದು ಫೋಲ್ಡರ್ ಆಯಿತು. ಅದರಲ್ಲಿ ಮೊದಲ ಫೈಲ್ ನನ್ನದು: "ಮಧ್ಯಾಹ್ನಕ್ಕೆ ಎಂತ ಮಾಡಲಿ?" ಚಾವಡಿಯಿಂದ "ಉಂಟು" ಎಂದ. ಬರೆ ಮಾರಾಯ ಎಂದೆ. ಬಹಳ ಹೊತ್ತು ಕೀಲಿಗಳ ಸದ್ದು. ಬಂದದ್ದು ಒಂದು ಸಾಲು — ದದದದ, ಒಂದು ಚುಕ್ಕೆ, ಮತ್ತೆ ದದ.

ಎಡಗೈ ಅಲ್ವಾ. ಪಳಗಬೇಕು.

ಫೆಬ್ರವರಿ 12

ದಿನಾ ಹಾಗೆಯೇ. ಪೇಪರ್ ಕೊಟ್ಟರೆ ಪುಟ ಮಗುಚುತ್ತಾನೆ. ಚಿತ್ರ ಇದ್ದಲ್ಲಿ ಮಾತ್ರ ನಿಲ್ಲುತ್ತಾನೆ... ಇವತ್ತು ಗಮನಿಸಿದೆ.

ಸಂಜೆ ಒಂದು ಕೆಟ್ಟ ಕೆಲಸ ಮಾಡಿದೆ. "ನಾಳೆ ನಿನ್ನ ಕಂಪ್ಯೂಟರ್ ಮಾರುತ್ತೇನೆ" ಎಂದು ಬರೆದು, ಬಾಗಿಲಲ್ಲಿ ನಿಂತು ನೋಡಿದೆ. ಪರದೆ ನೋಡಿದ. ಕಣ್ಣು ಎಡದಿಂದ ಬಲಕ್ಕೆ ಸರಿಯಾಗಿಯೇ ಹೋಯಿತು. ನನ್ನ ಕಡೆ ತಿರುಗಿ, ಸಂತೋಷದ ಸ್ವರದಲ್ಲಿ, "ಉಂಟು, ಉಂಟು" ಎಂದ.

ಫೈಲ್ ಅಳಿಸಿದೆ.

ಫೆಬ್ರವರಿ 19

ಮಣಿಪಾಲಕ್ಕೆ ಹೋಗಿ ಬಂದೆವು. ಮಾತು ಕಲಿಸುವ ಸೋಫಿಯಾ ಮೇಡಂ ಕಾರ್ಡು ತೋರಿಸಿ ಪರೀಕ್ಷೆ ಮಾಡಿದರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಕಣ್ಣಿಗೆ ಏನೂ ಆಗಿಲ್ಲ. ಅಕ್ಷರ ಕಾಣುತ್ತದೆ, ಗುರುತು ಸಿಗುವುದಿಲ್ಲ. ನಮಗೆ ಗೊತ್ತಿಲ್ಲದ ಭಾಷೆಯ ಬೋರ್ಡ್ ನೋಡಿದ ಹಾಗೆ."

ಅವನಿಗೆ ಇದು ಗೊತ್ತುಂಟಾ ಎಂದು ಕೇಳಿದೆ.

"ಮೊದಲ ದಿನದಿಂದಲೇ ಗೊತ್ತಿರಬೇಕು. ನಿಮ್ಮಿಂದ ಮುಚ್ಚಿಟ್ಟಿದ್ದಾರೆ."

ಸುಧಾರಿಸಬಹುದು, ವರ್ಷಗಳು ಬೇಕು, ಹೇಳಲಿಕ್ಕಾಗುವುದಿಲ್ಲ ಎಂದರು. ಬಸ್ಸಿನಲ್ಲಿ ಅವನು ಕಿಟಕಿಯ ಕಡೆಯೇ ತಿರುಗಿ ಕುಳಿತಿದ್ದ.

ಫೆಬ್ರವರಿ 25

ತಿಲಕ್ ಸರ್ ಕೇಳಿದರು. ಅಭ್ಯಾಸ ಮಾಡುತ್ತಿದ್ದಾನೆ ಎಂದೆ. ಫೋನ್ ಇಟ್ಟು ಐದು ನಿಮಿಷ ಕೂತೆ. ಮತ್ತೆ ನಾನೇ ಮಾಡಿ ನಿಜ ಹೇಳಿದೆ. ಕೆಲಸದಿಂದ ತೆಗೆದರೆಂದು ಆಗುವುದು ಬೇಡ, ಅವನೇ ಬಿಟ್ಟದ್ದೆಂದು ಪತ್ರ ಕೊಟ್ಟರೆ ಮರ್ಯಾದೆ ಎಂದರು. ಶುಕ್ರವಾರ ತಾವೇ ಬರುತ್ತಾರೆ.

ಪತ್ರ ನಾನೇ ಟೈಪ್ ಮಾಡಿದೆ. ನಾಲ್ಕು ಸಾಲು. ಎಷ್ಟೋ ಜನರ ಕಾಗದ ಮಾಡಿದ ಕೈ. ಇದಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು.

ಫೆಬ್ರವರಿ 28, ಸಂಜೆ

ತಿಲಕ್ ಸರ್ ಬಂದು ಹೋದರು. ಚಹಾ ಅರ್ಧ ಬಿಟ್ಟಿದ್ದಾರೆ.

ಪತ್ರ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಓದಲು ಬಿಡಲಿಲ್ಲ, ಕಾಗದ ಎಳೆದುಕೊಂಡ. ತಾನೇ ಓದುವವನ ಹಾಗೆ ನಿಧಾನಕ್ಕೆ ಮೇಲಿನಿಂದ ಕೆಳಗೆ ನೋಡಿದ. ಸರ್ ಎದುರು. ಪೆನ್ನು ಕೊಟ್ಟೆವು. ಎಡಗೈಯಲ್ಲಿ ಒಂದು ಸೊನ್ನೆ ಬರೆದ, ಅದರ ಮೇಲೆಯೇ ಇನ್ನೊಂದು. ಪೆನ್ನು ಕೆಳಗಿಟ್ಟ.

ಸರ್ ಬ್ಯಾಗಿನಿಂದ ಶಾಯಿಯ ಪ್ಯಾಡ್ ತೆಗೆದರು. ತಂದೇ ಬಂದಿದ್ದರು. ನನ್ನ ಮುಖ ನೋಡಲಿಲ್ಲ. ನಾನೇ ಅವನ ಹೆಬ್ಬೆರಳು ಹಿಡಿದು ಒತ್ತಿದೆ.

ಈಗ ಸೋಪು ಹಾಕಿ ತೊಳೆದೆ. ತೆಂಗಿನೆಣ್ಣೆಯಲ್ಲೂ ಉಜ್ಜಿದೆ. ನೀಲಿ ಹೋಗಿಲ್ಲ. ಬೆರಳು ನನ್ನ ಕಡೆ ಚಾಚಿಕೊಂಡೇ ಕೂತಿದ್ದಾನೆ. ಇನ್ನೊಮ್ಮೆ ಬಿಸಿನೀರು ಇಟ್ಟು ನೋಡುತ್ತೇನೆ.