ದೊಡ್ಡ ಅನಂತಕ್ಕೊಂದು ಸನ್ನೆ

ಫೆಬ್ರವರಿ 3, ಸೋಮವಾರ, ಸಂಜೆ

ಎಡ ಮಣಿಕಟ್ಟು ಹಿಡಿದುಕೊಂಡಿದೆ. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದೇನೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಇರಲಿ, ಓದುವವರು ಯಾರು.

ಕಾಲೇಜಿನ ಗಣಿತ ವಿಭಾಗದಲ್ಲಿ ಎರಡನೇ ವಾರ. ಕಿವಿ ಕೇಳದ ವಿದ್ಯಾರ್ಥಿನಿ ಒಬ್ಬಳೇ. ಅವಳಿಗೆ ನಾನು ಸನ್ನೆಭಾಷೆಯ ದುಭಾಷಿ. ಮೇಷ್ಟ್ರ ಮಾತು ನನ್ನ ಕೈಗೆ, ಅವಳ ಕೈ ನನ್ನ ಬಾಯಿಗೆ. ಹುಡುಗಿಗೆ ಗಿರಗಿಟ್ಲೆ ಅಂತ ಮನಸ್ಸಿನಲ್ಲೇ ಹೆಸರಿಟ್ಟಿದ್ದೇನೆ — ಕೈ ಅಷ್ಟು ಜೋರು. ಮೇಷ್ಟ್ರು ಒಳ್ಳೆಯವರೇ. ಆದರೆ ಮಾತೆಲ್ಲ ಬೋರ್ಡಿನ ಜೊತೆ.

ಇವತ್ತು ಬೋರ್ಡಿಗೆ ಹೇಳಿದರು: “ಈ ಅನಂತ ಇದೆಯಲ್ಲ, ಇದು ಆ ಅನಂತಕ್ಕಿಂತ ದೊಡ್ಡದು.”

ನನ್ನ ಕೈ ಗಾಳಿಯಲ್ಲೇ ನಿಂತಿತು. ಅನಂತಕ್ಕೆ ನನಗೆ ಗೊತ್ತಿರುವ ಸನ್ನೆ ಒಂದೇ. ಬೆರಳು ಸುರುಳಿ ಸುತ್ತುತ್ತಾ ದೂರ ಹೋಗುತ್ತದೆ, ಅಷ್ಟೇ. ಬೇರೆ ದಾರಿ ಕಾಣದೆ ‘ಕೊನೆ ಇಲ್ಲದ್ದು, ಕೊನೆ ಇಲ್ಲದ್ದಕ್ಕಿಂತ ದೊಡ್ಡದು’ ಅಂತ ತೋರಿಸಿದೆ.

ಗಿರಗಿಟ್ಲೆ ಹುಬ್ಬೇರಿಸಿದಳು. “ಹುಷಾರಿಲ್ವಾ ನಿಂಗೆ?” — ಕೈಯಲ್ಲೇ.

ಫೆಬ್ರವರಿ 5, ಬುಧವಾರ

ಕ್ಯಾಂಟೀನಿನಲ್ಲಿ ನನಗೇ ಪಾಠ. ಗಿರಗಿಟ್ಲೆ ಪಕ್ಕದ ಮೇಜುಗಳಿಂದ ಕಪ್ಪು, ಸಾಸರು ಎಲ್ಲ ಎಳೆದುಕೊಂಡಳು.

“ಎಣಿಸ್ಬೇಡ. ಒಂದೊಂದು ಸಾಸರ್ ಮೇಲೆ ಒಂದೊಂದು ಕಪ್ ಕೂರ್ಸು. ಯಾವ್ದೂ ಉಳೀಲಿಲ್ವಾ? ಹಾಗಾದ್ರೆ ಎರಡೂ ಸಮ. ಎಷ್ಟಿವೆ ಅಂತ ಗೊತ್ತಿಲ್ದೆ ಇದ್ರೂ ಸಮ.”

ಸರಿ. ಇಷ್ಟು ನನಗೂ ಗೊತ್ತು.

“ಈಗ ಸಾಸರ್ ಅಂದ್ರೆ ಒಂದು, ಎರಡು, ಮೂರು... ಎಲ್ಲಾ ಸಂಖ್ಯೆ. ಕಪ್ ಅಂದ್ರೆ ಬರೀ ಸರಿಸಂಖ್ಯೆ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು. ಯಾವ ಸಾಸರ್ ಖಾಲಿ ಉಳೀತು ಹೇಳು?”

ಹುಡುಕಿದೆ. ಉಳಿಯಲಿಲ್ಲ. ಅರ್ಧ ಕಿತ್ತುಕೊಂಡರೂ ಇಡಿಯಾಗೇ ಇದೆ! ಕ್ಯಾಂಟೀನಿನವನು ಬಂದು ಕಪ್ಪುಗಳನ್ನು ಕಿತ್ತುಕೊಂಡು ಹೋದ.

ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದೆ. ಕನ್ನಡಕದ ಅಂಗಡಿಯಿಂದ ಆಗಷ್ಟೇ ಬಂದಿದ್ದ ಇವರು “ಹಾಗಾದ್ರೆ ಒಂದೇ ಸೈಜು ಅನ್ನು” ಅಂದರು.

“ಇಲ್ಲ, ಇದಕ್ಕಿಂತ ದೊಡ್ಡದು ಇದೆಯಂತೆ.”

ಅತ್ತೆಗೆ ರೇಗಿತು. “ಕೊನೆ ಇಲ್ಲ ಅಂದ್ಮೇಲೆ ಮುಗೀತಲ್ಲ!”

“ಮುಗಿಯಲ್ಲ ಅತ್ತೆ. ಅದೇ ವಿಷಯ.”

ಇವರಿಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ಅತ್ತೆ ಮಗನ ತಲೆ ತಟ್ಟುತ್ತಾ ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಫೆಬ್ರವರಿ 14, ಶುಕ್ರವಾರ

ಕೆಟ್ಟ ದಿನ.

ಮುಂದಿನ ತಿಂಗಳು ಗಿರಗಿಟ್ಲೆಯ ಸೆಮಿನಾರ್. ಹೊರಗಿನಿಂದ ಪರೀಕ್ಷಕಿ ಬರುತ್ತಾರೆ. ಇದರಲ್ಲಿ ಗೆದ್ದರೆ ಸಂಶೋಧನೆಗೆ ಸೀಟು. ಇವತ್ತು ಮೇಷ್ಟ್ರ ಮುಂದೆ ರಿಹರ್ಸಲ್. ಅವಳ ದನಿ ನಾನು.

ಒಂದು, ಎರಡು, ಮೂರರ ಅನಂತಕ್ಕೆ ಅವಳು ‘ಎಣಿಕೆ — ಆಗುತ್ತೆ’ ಅಂತ ತೋರಿಸಿದಳು. ನಾನು ಜೋರಾಗಿ, “ಇದನ್ನ ಎಣಿಸಿ ಮುಗಿಸಬಹುದು” ಅಂದೆ.

ಮೇಷ್ಟ್ರು ಎದ್ದರು. “ತಪ್ಪು! ಯಾವತ್ತಾದ್ರೂ ಮುಗಿಯುತ್ತಾ ಅದು? ಬುಡವೇ ತಪ್ಪಿದ್ರೆ ಸೆಮಿನಾರ್ ಹೇಗಮ್ಮಾ ಕೊಡ್ತೀಯಾ?”

ಅವಳ ಮುಖ ಕೆಂಪಾಯಿತು. ಕಾರಿಡಾರಿನಲ್ಲಿ ನನ್ನ ಭುಜ ಹಿಡಿದು ನಿಲ್ಲಿಸಿದಳು.

“ನನ್ನ ಬದ್ಲು ಏನಂದೆ ನೀನು?”

ಹೇಳಿದೆ.

“ಸಾಲಾಗಿ ನಿಲ್ಸಬಹುದು ಅಂದಿದ್ದು ನಾನು! ಇದು ಮೊದಲ್ನೇದು, ಇದು ಎರಡನೇದು, ಹಾಗೆ. ಮುಗಿಯತ್ತೆ ಅಂತ ಯಾರಂದ್ರು?”

ಮುಖ ತಿರುಗಿಸಿ ಹೊರಟಳು. ಅವಳು ಮುಖ ತಿರುಗಿಸಿದರೆ ಬಾಗಿಲು ಹಾಕಿಕೊಂಡ ಹಾಗೆ. ಇನ್ನು ಏನು ಹೇಳಿದರೂ ತಲುಪುವುದಿಲ್ಲ.

ಮೇಷ್ಟ್ರ ಹತ್ತಿರ ಓಡಿದೆ. “ತಪ್ಪು ಅವಳ ಕೈಯದಲ್ಲ ಸರ್, ನನ್ನ ಬಾಯಿದು.” ಮೊದಲ ಸಲ ಬೋರ್ಡು ಬಿಟ್ಟು ನನ್ನ ಮುಖ ನೋಡಿದರು.

“‘ಎಣಿಸಬಹುದಾದ ಅನಂತ’ ಅನ್ನೋ ಪದಕ್ಕೆ ಸನ್ನೆನೇ ಇಲ್ವಾ?”

“ನಮಗೆ ಗೊತ್ತಿರೋದು ಯಾವುದೂ ಇಲ್ಲ ಸರ್.”

“ಮಾಡ್ಕೊಳ್ಳಿ ಮತ್ತೆ.”

ಕಿತ್ತುಹೋದ ಗುಂಡಿ ಹೊಲಿದುಕೊಳ್ಳಿ ಅನ್ನುವ ಹಾಗೆ.

ಫೆಬ್ರವರಿ 24, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ. ಗಿರಗಿಟ್ಲೆ ಬೋರ್ಡನ್ನು ಮಾತ್ರ ನೋಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ಗೋಡೆಗೆ ಸನ್ನೆ ಮಾಡುತ್ತೇನೆ. ಮೇಷ್ಟ್ರು ಮಾತ್ರ ಈಗ ತರಗತಿಯ ಕಡೆ ತಿರುಗಿ ಮಾತಾಡುತ್ತಾರೆ. ಚಾಕ್ ಹಿಡಿದು ಹಿಂದೆ ಹಿಂದೆ ನಡೆದು ಇವತ್ತು ಕಸದ ಬುಟ್ಟಿಗೆ ಕಾಲಿಟ್ಟರು.

ಅವಳೂ ನಕ್ಕಳು. ನಗುತ್ತಾ ಕಣ್ಣು ನನ್ನ ಕಡೆ ಬಂತು. ತಟ್ಟನೆ ಹಿಂದೆ ಹೋಯಿತು.

ಸಂಜೆ ಮೆಸೇಜ್: “ಭಾನುವಾರ ನಿಮ್ಮನೆಗೆ ಬರ್ತೀನಿ. ಸನ್ನೆ ಮಾಡೋಣ. ಕೋಪ ಇನ್ನೂ ಇದೆ.”

ಇರಲಿ. ಕೋಪವನ್ನೂ ಕರೆದುಕೊಂಡು ಬರಲಿ!

ಮಾರ್ಚ್ 2, ಭಾನುವಾರ, ಮಧ್ಯಾಹ್ನ

ತಂಗಿಯನ್ನೂ ಕರೆಸಿದ್ದೆ. ಅವಳಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನನಗೆ ಸನ್ನೆ ಬಂದಿದ್ದೇ ಅವಳಿಂದ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಗಣಿತದ ಗಂಧಗಾಳಿ ಇಲ್ಲ, ಆದರೆ ಸುಳ್ಳು ಸನ್ನೆ ಕಂಡರೆ ಆಗುವುದಿಲ್ಲ.

ಸಣ್ಣ ಅನಂತಕ್ಕೆ ಬೇಗ ಸಿಕ್ಕಿತು. ಎರಡು ಬೆರಳು ಅಂಗೈಯಿಂದ ಮೊಣಕೈವರೆಗೆ ಹೆಜ್ಜೆ ಹಾಕುತ್ತಾ ಹೋಗಿ, ಮೊಣಕೈ ದಾಟಿ ಗಾಳಿಯಲ್ಲೂ ನಡೆಯುತ್ತಲೇ ಇರುವುದು. ಸಾಲಿದೆ, ಕೊನೆ ಇಲ್ಲ.

ದೊಡ್ಡದಕ್ಕೆ ಒದ್ದಾಟ. ಸಂದೇ ಇಲ್ಲದ ಹಾಗೆ ಅಂಗೈ ಸವರಿ ತೋರಿಸಿದೆ. ಗಿರಗಿಟ್ಲೆ ಅಲ್ಲ ಅಂತ ತಲೆ ಆಡಿಸಿದಳು. “ಭಿನ್ನರಾಶಿಗಳೂ ಹಾಗೇ, ಎರಡರ ಮಧ್ಯೆ ಇನ್ನೊಂದು ಇದ್ದೇ ಇರತ್ತೆ. ಆದ್ರೂ ಜಾಣತನ ಮಾಡಿ ಸಾಲಲ್ಲಿ ನಿಲ್ಸಬಹುದು. ಅವೂ ಸಣ್ಣ ಅನಂತಾನೇ.” ಎರಡೂ ಕೈ ಬೀಸಿ ಇನ್ನೊಂದು ಮಾಡಿದೆ. ತಂಗಿ, “ಸೊಳ್ಳೆ ಓಡಿಸ್ತಿದ್ದೀಯಾ?”

ಆಮೇಲೆ ಗಿರಗಿಟ್ಲೆ ತಂಗಿಯನ್ನು ಎದುರಿಗೆ ಕೂರಿಸಿಕೊಂಡಳು. “ದಶಮಾಂಶದ ಚುಕ್ಕೆ ಆದ್ಮೇಲೆ ಅಂಕಿಗಳು ಮುಗೀದೆ ಓಡ್ತಾ ಇರೋ ಸಂಖ್ಯೆಗಳು. ಅಂಥವನ್ನೆಲ್ಲಾ ಒಂದರ ಕೆಳಗೊಂದು ಬರೆದಿಟ್ಟಿದ್ದೀನಿ ಅಂತ ಜಂಬ ಪಡು.”

ತಂಗಿ ಜಂಬ ಪಟ್ಟಳು. ಅದು ಚೆನ್ನಾಗಿ ಬರುತ್ತದೆ.

“ನಿನ್ನ ಮೊದಲ್ನೇ ಸಾಲಿನ ಮೊದಲ್ನೇ ಅಂಕಿ ಬದಲಾಯಿಸ್ತೀನಿ. ಐದಿಲ್ದಿದ್ರೆ ಐದು ಮಾಡ್ತೀನಿ, ಐದೇ ಇದ್ರೆ ಆರು. ಎರಡನೇ ಸಾಲಿನ ಎರಡನೇ ಅಂಕಿ, ಮೂರನೇದರ ಮೂರನೇದು... ಓರೆಯಾಗಿ ಇಳೀತಾ ಹೋಗ್ತೀನಿ. ಬದಲಾದ ಅಂಕಿಗಳನ್ನ ಜೋಡಿಸಿದ್ರೆ ಹೊಸಾ ಸಂಖ್ಯೆ. ಅದು ನಿನ್ನ ಹತ್ರ ಇದೆಯಾ?”

“ಇದ್ದೇ ಇರತ್ತೆ. ಎಲ್ಲೋ ಕೆಳಗಡೆ.”

“ಎಷ್ಟನೇ ಸಾಲು? ನೂರನೇದಾ? ನೂರನೇ ಅಂಕೀಲಿ ಬೇರೆ ಮಾಡಿದ್ದೀನಲ್ಲ!”

ತಂಗಿಯ ಕಣ್ಣು ಅಗಲವಾಯಿತು. ಆಮೇಲೆ ತಾನೇ ಎಡಗೈಯ ಬೆರಳುಗಳನ್ನು ಅಡ್ಡಲಾಗಿ, ಸಾಲಿನ ಕೆಳಗೆ ಸಾಲಿನ ಹಾಗೆ ಬಿಡಿಸಿ ಹಿಡಿದಳು. ಬಲಗೈಯ ತೋರುಬೆರಳು ಆ ಗೆಣ್ಣುಗಳ ಮೇಲೆ ಓರೆಯಾಗಿ ಇಳಿಯಿತು... ಇಳಿದು, ಕೊನೆಯ ಬೆರಳಿನಿಂದ ಜಾರಿ ಹೊರಗೆ ಹಾರಿತು. ಸಾಲಿನ ಕೈಗೆ ಸಿಗದೆ ಹೋಯಿತು.

ಗಿರಗಿಟ್ಲೆ ಕುರ್ಚಿಯಿಂದ ಎದ್ದು ಅವಳನ್ನು ತಬ್ಬಿಕೊಂಡಳು. ಆಮೇಲೆ ನನ್ನನ್ನೂ. ಕೋಪ ಯಾವಾಗ ಎದ್ದು ಹೋಯಿತೋ ನಾನು ನೋಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ತಮ್ಮ ಬೆರಳಲ್ಲಿ ಅದನ್ನೇ ಮಾಡಿ ನೋಡುತ್ತಿದ್ದರು. “ಇದೇನೋ ತಪ್ಪಿಸ್ಕೊಂಡು ಓಡಿಹೋಯ್ತಲ್ಲೇ.”

ಮಾರ್ಚ್ 12, ಬುಧವಾರ, ಸಂಜೆ

ಆಯಿತು! ಗೆದ್ದಳು!

ನೆನಪಿರುವಷ್ಟು ಬರೆದುಬಿಡುತ್ತೇನೆ. ಶುರುವಾದ ಮೇಲೆ ಇಬ್ಬರಿಗೂ ಹೆದರಿಕೆ ಮರೆತುಹೋಯಿತು. ಮೊಣಕೈ ದಾಟಿ ಬೆರಳು ನಡೆದಾಗ “ಸಾಲಾಗಿ ನಿಲ್ಲಿಸಬಹುದು, ಆದರೆ ಮುಗಿಯುವುದಿಲ್ಲ” ಅಂದೆ. ಮೇಷ್ಟ್ರು ಸರಿ ಅನ್ನುವ ಹಾಗೆ ತಲೆದೂಗಿದರು.

ಪರೀಕ್ಷಕಿ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. “ತಪ್ಪಿಸಿಕೊಂಡ ಸಂಖ್ಯೆಯನ್ನ ಪಟ್ಟಿಯ ತಲೆಗೆ ಸೇರಿಸಿಬಿಟ್ರೆ?”

“ಸೇರಿಸಿ. ಆ ಹೊಸಾ ಪಟ್ಟಿಯಿಂದ ಇನ್ನೊಂದು ತಪ್ಪಿಸ್ತೀನಿ.”

“ಇದಕ್ಕಿಂತ ದೊಡ್ಡ ಅನಂತ?”

“ಯಾವ ಗುಂಪು ಬೇಕಾದ್ರೂ ಕೊಡಿ. ಅದ್ರಿಂದ ಆರಿಸಿ ಎಷ್ಟು ಥರದ ಒಳಗುಂಪು ಮಾಡಬಹುದೋ ಅವನ್ನೆಲ್ಲಾ ಒಟ್ಟಿಗಿಡಿ. ಅದು ಮೊದಲ್ನೇದಕ್ಕಿಂತ ದೊಡ್ಡದು. ಅದಕ್ಕೂ ಹಾಗೇ ಮಾಡಿ.”

ಇದಕ್ಕೆ ನಾವು ಸನ್ನೆ ಮಾಡಿಕೊಂಡಿರಲಿಲ್ಲ. ಅವಳು ಅಲ್ಲೇ ಹುಟ್ಟಿಸಿದಳು — ಅಂಗೈ ಒಂದು ಮೆಟ್ಟಿಲು ಮೇಲೆ. ಇನ್ನೊಂದು. ಎದೆ, ಕತ್ತು, ತಲೆ. ತುದಿಗಾಲಲ್ಲಿ ನಿಂತಳು. ಸಾಲದೆ ಕುರ್ಚಿ ಹತ್ತಿದಳು! “ಅದಕ್ಕಿಂತ ದೊಡ್ಡದು... ಅದಕ್ಕಿಂತ ದೊಡ್ಡದು...” ಅವಳ ಕೈ ನಿಲ್ಲುತ್ತಿಲ್ಲ, ನಾನು ಹೇಗೆ ನಿಲ್ಲಿಸಲಿ? ನನ್ನ ದನಿಯೂ ಮೇಲೇರಿ ಕೀರಲಾಯಿತು. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. “ಸಾಕು, ಇಳಿಯಮ್ಮಾ. ಸೀಟು ಕೊಟ್ಟೆ.”

ಮೇಷ್ಟ್ರು ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಅದು ನಮ್ಮ ಚಪ್ಪಾಳೆ. ಯಾವಾಗ ಕಲಿತರೋ.

ಮಾರ್ಚ್ 29, ಶನಿವಾರ

ಬೇರೆ ಕಾಲೇಜುಗಳಿಂದ ಕಿವಿ ಕೇಳದ ಮಕ್ಕಳು ಬಂದಿದ್ದಾರೆ. ಗಿರಗಿಟ್ಲೆ ಶನಿವಾರಕ್ಕೊಂದು ತರಗತಿ ತೆಗೆದುಕೊಳ್ಳುತ್ತಾಳಂತೆ. “ನೀನೂ ಬಾ. ಕೆಲಸಕ್ಕಲ್ಲ. ಸುಮ್ನೆ ಬಾ.”

ಹೋದೆ. ದನಿ ಯಾರಿಗೂ ಬೇಡದ ಕೋಣೆ. ಎಲ್ಲರ ಕೈಯೂ ಮಾತಾಡುತ್ತಿದೆ. ಹಿಂದಿನ ಬೆಂಚಿನಲ್ಲಿ ಕೂತೆ. ಕೈ ಕಟ್ಟಿಕೊಂಡು ಕೂತು ಅಭ್ಯಾಸವಿಲ್ಲ. ಎಲ್ಲಿಡಬೇಕೋ ತಿಳಿಯಲಿಲ್ಲ.

ಇಷ್ಟು ವರ್ಷ ಎಷ್ಟು ಜನರ ಪ್ರಶ್ನೆ ಹೊತ್ತು ತಂದಿದ್ದೇನೆ. ಡಾಕ್ಟರಿಗೆ, ವಕೀಲರಿಗೆ, ಮೇಷ್ಟ್ರಿಗೆ. ಒಂದೂ ನನ್ನದಲ್ಲ.

ಅವಳು ಒಂದು ಕಡೆ ಸಣ್ಣ ಅನಂತ ತೋರಿಸಿದಳು, ಇನ್ನೊಂದು ಕಡೆ ಆ ಜಾರಿ ಓಡುವ ದೊಡ್ಡದನ್ನು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಎಲ್ಲರೂ ತಿರುಗಿ ನೋಡಿದರು. ಬೆಂಚಿನಿಂದ ಎದ್ದು ನಿಂತೆ, ಶಾಲೆಯ ಪುಟ್ಟ ಹುಡುಗಿಯ ಹಾಗೆ.

“ಈ ಎರಡರ ಮಧ್ಯದ ಸೈಜಿನದು ಇದೆಯಾ? ಇದಕ್ಕಿಂತ ದೊಡ್ಡದು, ಅದಕ್ಕಿಂತ ಚಿಕ್ಕದು?”

ಗಿರಗಿಟ್ಲೆಯ ಕೈ ನಿಂತುಬಿಟ್ಟಿತು. ಆಮೇಲೆ ಮುಖ ತುಂಬಾ ನಗು.

“ದೊಡ್ಡ ದೊಡ್ಡವರೆಲ್ಲಾ ತಲೆ ಕೆಡಿಸ್ಕೊಂಡಿದ್ದು ಇದೇ ಪ್ರಶ್ನೆಗೆ. ನಾವು ನಂಬ್ಕೊಂಡಿರೋ ನಿಯಮಗಳಿಂದ ಇದೆ ಅಂತಾನೂ ಸಾಧಿಸಕ್ಕಾಗಲ್ಲ, ಇಲ್ಲ ಅಂತಾನೂ ಸಾಧಿಸಕ್ಕಾಗಲ್ಲ.”

“ಅದು ಹೇಗೆ?”

“ಮುಂದಿನ ಬೆಂಚಿಗೆ ಬಾ.”

ಚೀಲ ಎತ್ತಿಕೊಂಡು ಹೋಗಿ ಕೂತೆ. ಅವಳು ಬೋರ್ಡು ಒರೆಸಿ, ಅಂಗಿಯ ತೋಳು ಮಡಚಿ, ಹೇಳಲು ಶುರು ಮಾಡಿದಳು. ಈ ಸಲ ಯಾರಿಗೂ ದಾಟಿಸಬೇಕಿಲ್ಲ, ಎಲ್ಲಾ ನನಗೇ.