ದೊಡ್ಡೋರನ್ನ ನಿಲ್ಸಿ

ಜೂನ್ ೯, ಸೋಮವಾರ

ನೀರು ಬಿಟ್ಟೆ. ಬಾಡಿಗೆ ಮನೆಗಳ ಮೆಟ್ಟಿಲು ಗುಡಿಸಿದೆ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಸೊಸೆ ಯಮುನಾ ಮಾತ್ರ ಇನ್ನೂ ಕೋಣೆ ಬಿಟ್ಟು ಬಂದಿಲ್ಲ. ಮನೆಯಿಂದಲೇ ಆಫೀಸು. ಉಪ್ಪಿಟ್ಟು ಆರಿ ಕಲ್ಲಾಗಿದೆ.

ಹೊಸ ಸರ್ವರ್ ಕೂರಿಸಬೇಕಂತೆ — ಜಾವಾ ಸರ್ವರ್. ಯಾವುದೋ ಲಾರಿ ಕಂಪನಿಯ ಬುಕಿಂಗ್ ಅದರ ಮೇಲೆ ಓಡಬೇಕಂತೆ. ಇಪ್ಪತ್ತನೇ ತಾರೀಖಿನೊಳಗೆ ಅದು ಎದ್ದು ಓಡಿದರೆ ಇವಳ ಕೆಲಸ ಪರ್ಮನೆಂಟ್. ಇಲ್ಲವಾದರೆ ಮನೆಗೆ. ನಾನೂ ಹೇಳಿಬಿಟ್ಟೆ —

"ಆಗ್ಲಿಲ್ಲ ಅಂದ್ರೆ ಬುಟ್ಬುಡು. ಇನ್ನೊಂದ್ ಕೆಲ್ಸ ಬ್ಯಾಡ. ನನ್ ಸೊಂಟದ ಬೀಗದ ಕೈ ಇಸ್ಕೊಂಡು ನಮ್ ಬಾಡಿಗೆ ಮನೆಗಳ್ನ ನೋಡ್ಕೊ."

"ಆಯ್ತು ಅತ್ತೆ."

ವಾದ ಮಾಡಲಿಲ್ಲ. ಅದೇ ಸರಿ ಕಾಣಲಿಲ್ಲ.

ಜೂನ್ ೧೦, ಮಂಗಳವಾರ

ತಡೆಯಲಾಗದೆ ಕೇಳಿದೆ — ಸರ್ವರ್ ಅಂದರೇನು?

"ನಮ್ಮ ಬಾಡಿಗೆ ಕಟ್ಟಡ ಇದ್ದಂಗೆ ಅತ್ತೆ. ನೀರು, ಕರೆಂಟು, ಗೇಟು ಎಲ್ಲಾ ಕಟ್ಟಡದ್ದು. ಸಾಫ್ಟ್‌ವೇರ್‌ಗಳು ಬಂದು ಒಂದೊಂದ್ ಮನೇಲಿ ಇರ್ತವೆ."

"ಅಡ್ವಾನ್ಸ್ ಎಷ್ಟು?"

ನಕ್ಕಳು. ನಾನು ನಗಲಿಲ್ಲ.

ಹಾಕಿದ್ದ ಜಾವಾ ಹಳೆಯದಂತೆ. ತೆಗೆದು ಹೊಸದು ಹಾಕಿದಳು. ಆಮೇಲೆ ಪೋರ್ಟ್ — ಬಾಗಿಲ ನಂಬರ್ ಇದ್ದ ಹಾಗಂತೆ — ಅದನ್ನು ಆಗಲೇ ಬೇರೆ ಯಾವುದೋ ಹಿಡಿದು ಕೂತಿದೆ. "ಖಾಲಿ ಮಾಡ್ಸು," ಅಂದೆ.

"ಅದನ್ನೇ ಮಾಡ್ತಿದೀನಿ ಅತ್ತೆ."

ಜೂನ್ ೧೩, ಶುಕ್ರವಾರ. ಮಧ್ಯಾಹ್ನ

ಮೈ ಉರಿಯುತ್ತಿದೆ. ಮಜ್ಜಿಗೆ ಕೊಡಲು ಕೋಣೆಗೆ ಹೋದೆ. ಫೋನಿನಲ್ಲಿ ಆಫೀಸಿನ ಸಂಗಮೇಶ್. ಸ್ಪೀಕರ್ ಹಾಕಿದ್ದಳು.

"ಚಿಕ್ಕಮುನಿಯಮ್ಮ ಏಳ್ತಾನೇ ಇಲ್ಲ ಮೇಡಂ. ಕಿಲ್ ಮಾಡಿ ಮತ್ತೆ ಎಬ್ಬಿಸ್ಲಾ?"

ನನ್ನ ಹೆಸರು! ಇಡೀ ಪಟ್ಟಂದೂರು ಅಗ್ರಹಾರದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ.

ಯಮುನಾ ಫೋನ್ ಇಟ್ಟಳು. ಮುಖ ಬಿಳಿಚಿತ್ತು. "ಸರ್ವರ್‌ಗೆ ಒಂದು ಹೆಸರು ಇಡ್ಬೇಕಿತ್ತು ಅತ್ತೆ. ಅದು ಯಾರು ಬಂದ್ರೂ ನಿಲ್ಸಿ, ವಿಚಾರಿಸಿ, ಯಾವ ಮನೆ ಅಂತ ಕೇಳಿ ಒಳಗೆ ಬಿಡತ್ತೆ. ನೀವೇ ನೆನಪಾದ್ರಿ."

ಗೌರವವೋ, ಗೇಲಿಯೋ…

"ನೀನೂ ಅಂಗೇ ಕರೀತೀಯೇನು?"

"ಅಯ್ಯೋ, ಟೈಪ್ ಮಾಡ್ತೀನಿ ಅಷ್ಟೇ. ಬಾಯಲ್ಲಿ ದೊಡ್ಡೋರು ಅಂತೀನಿ."

ಮಜ್ಜಿಗೆ ಅಲ್ಲೇ ಇಟ್ಟು ಬಂದೆ. ಅತ್ತೆಯ ಹೆಸರನ್ನು ಸೊಸೆ ಬಾಯಿಂದ ಆಡುವುದಿಲ್ಲ. ನಾನೂ ನಮ್ಮತ್ತೆಯದು ಇಂದಿಗೂ ಆಡಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವಳ ಕೈಲಿ ಹೇಳಿಸಿದ್ದೆ.

ಜೂನ್ ೧೯, ಗುರುವಾರ

ಬರೆಯಲು ಮನಸ್ಸಾಗಿರಲಿಲ್ಲ. ಅವಳೊಡನೆ ಮಾತೂ ಅಷ್ಟಕ್ಕಷ್ಟೆ.

ಇವತ್ತು ಅನಾಹುತ. ಹೊಸ ಸರ್ವರಿನಲ್ಲಿ ಏನೋ ತಿದ್ದಿದ್ದಳು. ಒಮ್ಮೆ ನಿಲ್ಲಿಸಿ ಎಬ್ಬಿಸಬೇಕಿತ್ತು. ನಾನು ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದೆ. ಫೋನಿನಲ್ಲಿ ಅವಳು ಹೇಳಿದ್ದು ನನಗೂ ಕೇಳಿಸಿತು — "ದೊಡ್ಡೋರನ್ನ ನಿಲ್ಸಿ."

ಸಂಗಮೇಶನಿಗಾದರೆ ಅವಳ ಭಾಷೆ ಗೊತ್ತು. ಇವತ್ತು ಅವನು ರಜೆ. ಮುರಳಿ ಅಂತ ಹೊಸಬ. ಲಾರಿ ಬುಕಿಂಗ್ ಈಗ ಓಡುತ್ತಿರುವ ಹಳೆಯ ಸರ್ವರಿಗೆ ಆಫೀಸಿನಲ್ಲಿ 'ದೊಡ್ಡದು' ಅನ್ನುತ್ತಾರಂತೆ. ಅವನು ಅದನ್ನೇ ನಿಲ್ಲಿಸಿಬಿಟ್ಟ! ಮತ್ತೆ ಎಬ್ಬಿಸುವಷ್ಟರಲ್ಲಿ ಲಾರಿಗಳು ನಿಂತಲ್ಲೇ ನಿಂತು, ಕಂಪನಿಯವರು ಬಾಯಿಗೆ ಬಂದಂತೆ ಬೈದು…

ನಾಳೆ ಮ್ಯಾನೇಜರ್ ಕೃಪಾ ವಿಚಾರಿಸುತ್ತಾರೆ. ಯಮುನಾ ಹೊಸದನ್ನೂ ಅವರೆದುರೇ ಎಬ್ಬಿಸಿ ತೋರಿಸಬೇಕು.

"ನೆಟ್ಟಗೆ ಹೆಸರು ಹೇಳೋಕೇನಾಗಿತ್ತು ನಿಂಗೆ?" ಅಂದ ಮುನೀಂದ್ರ, ನನ್ನ ಮಗ.

ಅವಳು ನನ್ನ ಕಡೆ ನೋಡಲಿಲ್ಲ. "ಬಾಗ್ಲು ತೆಗೆದಿತ್ತು. ಅತ್ತೆ ಹೊರಗೇ ಕೂತಿದ್ರು," ಅಂದಳು.

ಬೀಗದ ಕೈ ಸೊಂಟದಲ್ಲಿದೆ. ನಾಳೆ ಅವಳ ಕೈಗೆ ಹೋಗುತ್ತದೆ. ನಾನು ಹೇಳಿದ್ದೇ ಆಯಿತು. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಕೇರಿದ ರಾಗಿಯನ್ನೇ ಮತ್ತೆ ಕೇರಿದೆ.

ಜೂನ್ ೨೦, ಶುಕ್ರವಾರ. ಬೆಳಗ್ಗೆ

ಗೇಟು ಬಿಟ್ಟು ಅವಳ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಯಾಕೆ ಹೋದೆನೋ. ಲ್ಯಾಪ್‌ಟಾಪಿನಲ್ಲಿ ಎಲ್ಲರೂ ಸೇರಿದ್ದರು.

"ಯಾವ ಸರ್ವರ್ ನಿಲ್ಸೋಕೆ ಹೇಳಿದ್ರಿ ಯಮುನಾ?" ಕೃಪಾ ದನಿ.

"ಅದೇ ಮೇಡಂ… ಹೊಸದು…"

"ಹೊಸದು ಎರಡಿದೆ. ಹೆಸರು ಹೇಳ್ರೀ."

ಯಮುನಾ ತಿರುಗಿ ನನ್ನನ್ನು ನೋಡಿದಳು.

"ಏಳು," ಅಂದೆ.

ಎದ್ದು ನಿಂತುಬಿಟ್ಟಳು! ನನ್ನ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹೇಳು ಅಂದದ್ದು ಗಾಬರಿಯಲ್ಲಿ ಅವಳಿಗೆ ತಿಳಿಯಲಿಲ್ಲ.

"ಎದ್ದೇಳು ಅನ್ಲಿಲ್ಲ ಕಣೇ! ಬಾಯ್ಬುಟ್ಟು ಏಳು! ನನ್ನೆಸ್ರು!"

ಆಫೀಸೆಲ್ಲ ಕೇಳಿಸಿಕೊಂಡಿತು. ಯಾರೋ ಕಿಸಕ್ಕನೆ ನಕ್ಕರು. ನಗಲಿ.

"ಚಿಕ್ಕಮುನಿಯಮ್ಮ," ಅಂದಳು, ಮೆಲ್ಲಗೆ. ಆಮೇಲೆ ಜೋರಾಗಿ — "ಚಿಕ್ಕಮುನಿಯಮ್ಮನ್ನ ನಿಲ್ಸಿ ಅನ್ಬೇಕಿತ್ತು ಮೇಡಂ. ದೊಡ್ಡೋರು ಅಂದೆ. ತಪ್ಪು ನಂದು."

ಕೃಪಾ ಏನೋ ಬರೆದುಕೊಂಡರು.

"ಸರಿ. ಎಬ್ಬಿಸಿ, ನೋಡೋಣ."

ಅಲ್ಲಿ ನಿಲ್ಲಲಾಗಲಿಲ್ಲ. ಗೇಟಿಗೆ ಬಂದು ಬರೆಯುತ್ತಿದ್ದೇನೆ. ಒಂದೇ ಸಾಲನ್ನು ಎರಡು ಸಲ ಬರೆದು ಹೊಡೆದುಹಾಕಿದೆ — ಸಿಟ್ಟಿಗೇ ಇರಬೇಕು. ಅವಳ ಕಿಟಕಿ ತೆರೆದಿದೆ. ಟಕಟಕ ಸದ್ದು. ನಿಂತಿತು. ಮತ್ತೆ ಟಕಟಕ. ಅದು ಎದ್ದರೆ ಬೀಗದ ಕೈ ನನ್ನ ಸೊಂಟದಲ್ಲೇ ಉಳಿಯುತ್ತದೆ, ಅವಳು ಆ ಕೋಣೆಯಲ್ಲೇ. ಏಳಲಿ. ಎದ್ದೇಳೇ…

ಕುರ್ಚಿ ಸರಿದ ಸದ್ದು. ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದಾಳೆ — "ಅತ್ತೇ! ಚಿಕ್ಕಮುನಿಯಮ್ಮ ಎದ್ರು! ಚಿಕ್ಕಮುನಿಯಮ್ಮ ಎದ್ರು!"

ಬೀದಿಯೆಲ್ಲ ತಿರುಗಿ ನೋಡುತ್ತಿದೆ. ಇವಳನ್ನು ನಾನೀಗ —