ಹಿಂದೆ ನಿಲ್ಲುವವಳು

ಜಿಷ,

ನಿನಗೆ ಓದಲು ಬಾರದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದೊಂದೇ ಧೈರ್ಯ.

ಇವತ್ತು ಸಂಜೆ ನಿನ್ನ ಪಂದ್ಯವನ್ನು ಫೋನಿನಲ್ಲಿ ನೋಡಿದೆ. ನಿನ್ನೆ ರಾತ್ರಿಯಿಡೀ ನಿದ್ದೆಗೆಡಿಸಿದ ಮಗು ಆಗಷ್ಟೇ ನನ್ನ ತೊಡೆಯ ಮೇಲೆ ಮಲಗಿತ್ತು. ಆನೆ ಬೇಲಿಗೆ ಕರೆಂಟು ಬಿಟ್ಟಾಗಿತ್ತು. ಅದಾದ ಮೇಲೆ ಕಾಡಂಚಿನ ಈ ಕೊಳವಳ್ಳಿಯಲ್ಲಿ ಬೆಳಗಾಗುವವರೆಗೆ ಯಾರೂ ಅಂಗಳ ದಾಟುವಂತಿಲ್ಲ.

ಕಲ್ಪೆಟ್ಟದ ಕಾಲೇಜು ಫುಟ್‌ಬಾಲ್ ತಂಡದಲ್ಲಿ ನಾವಿಬ್ಬರೂ ಡಿಫೆಂಡರುಗಳಾಗಿದ್ದೆವು. ಒಬ್ಬಳು ಚೆಂಡಿಗೆ ನುಗ್ಗಿದರೆ ಇನ್ನೊಬ್ಬಳು ಹಿಂದೆ ನಿಂತು ಕಾಯಬೇಕು. ನುಗ್ಗುವವಳು ಯಾವಾಗಲೂ ನೀನೇ. ಕ್ಲಬ್ಬಿನವರು ಇಬ್ಬರನ್ನೂ ಕರೆದಾಗ, "ನೀನು ಹೋಗಿರು, ಮದುವೆ ಮುಗಿಸಿ ಬರ್ತೀನಿ" ಅಂದಿದ್ದೆ. ನೀನು ನಂಬಿದೆ.

ಇವತ್ತು ಎದುರಾಳಿ ಚೆಂಡು ತಂದಾಗ ನೀನು ಒಂದು ಕ್ಷಣ ತಡೆದು ನಿಂತೆ. ನಮ್ಮ ಹಳೆಯ ಮಲಯಾಳಂ ಕೂಗು ನನ್ನ ಬಾಯಿಂದ ಬಂದೇಬಿಟ್ಟಿತು: "ಪೊಯ್ಕೋ, ಞಾನುಂಡ್!" ನೀನು ಹೋಗು, ನಾನಿದ್ದೀನಿ.

ಮಗು ಬೆಚ್ಚಿ ಅತ್ತಿತು. ಅತ್ತೆ ಸಣ್ಣಮ್ಮ ಅಡುಗೆಮನೆಯಿಂದ, "ಯಾರ್ಗವ್ವಾ ಹೋಗು ಅಂದೆ? ಬೇಲಿಗೆ ಕರೆಂಟು ಬುಟ್ಟಾಯ್ತಲ್ಲ!" ಅಂದರು.

"ಬೆಕ್ಕಿಗೆ, ಅತ್ತೆ."

"ಬೆಕ್ಕಿಗೇನು ಬುಡು, ತಂತಿ ಕೆಳಗೆ ನುಸುಳ್ಕಂಡು ಹೋಯ್ತದೆ. ನೀನು ಮಗೀನ ನೋಡು."

ಮಗುವನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಫೋನು ನೋಡುವಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದಾಗಿತ್ತು. ನೀನು ಚೆಂಡಿಗೆ ನುಗ್ಗಿದ್ದೆಯಂತೆ, ನಿನ್ನ ಈಗಿನ ಜೊತೆಗಾತಿಯೂ ನುಗ್ಗಿದ್ದಳಂತೆ. ತಪ್ಪು ನಿನ್ನದೇ ಎಂದು ಕಾಮೆಂಟರಿಯವನು ಹೇಳುತ್ತಿದ್ದ.

ನೀನು ಸೊಂಟಕ್ಕೆ ಕೈಯಿಟ್ಟುಕೊಂಡು, ನಿನ್ನ ಹಿಂದಿನ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದೆ.